ಹನ್ನೊಂದನೆಯವನನ್ನು ಎಣಿಸಿದ ಮಾಸ್ತರು

ಎಲ್ಲಾದರೂ ಫುಟ್‌ಬಾಲ್ ನಡೆದಿದ್ದರೆ ನಾನು ಮೊದಲು ಚೆಂಡನ್ನು ನೋಡುವುದಿಲ್ಲ, ತಲೆ ಎಣಿಸುತ್ತೇನೆ. ಅಜ್ಜನಿಗೆ ಆಟ ತಿಳಿಯುವುದಿಲ್ಲ, ಲೆಕ್ಕ ಮಾತ್ರ ತಿಳಿಯುತ್ತದೆ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ಈ ಚಟವನ್ನು ನನಗೆ ಅಂಟಿಸಿದವರು ಆಳಂದದ ಮಣ್ಣಿನಲ್ಲಿ ಮಲಗಿ ಒಂದು ಕಾಲವೇ ಆಯಿತು. ನಾವು ಅವರನ್ನು ಮಾಸ್ತರು ಎಂದಷ್ಟೇ ಕರೆಯುತ್ತಿದ್ದೆವು. ತಮ್ಮ ಹೆಸರನ್ನು ಯಾರಾದರೂ ಬೀದಿಯಲ್ಲಿ ಕೂಗಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಆದ್ದರಿಂದ ಇಲ್ಲಿಯೂ ಆ ಹೆಸರು ಬೇಡ.

ಮಾಸ್ತರು ಬೀದರ ಕಡೆಯವರು. ಕೆಲ ಕಾಲ ನಿಜಾಮರ ಪಲ್ಟನ್ನಿನಲ್ಲಿದ್ದು, ಅದನ್ನು ಬಿಟ್ಟು ನಮ್ಮೂರ ಶಾಲೆಗೆ ಡ್ರಿಲ್ ಕಲಿಸಲು ಬಂದರು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಎತ್ತರದ ಆಳು, ಒಣಗಿದ ಮೈ. ನಡೆಯುವಾಗ ಎರಡೂ ಕೈ ಬೆನ್ನ ಹಿಂದೆ, ಬೆರಳಿಗೆ ಸೀಟಿಯ ದಾರ ಸುತ್ತಿರುತ್ತಿತ್ತು. ಅವರು ನಿಂತು ಚಹಾ ಕುಡಿದದ್ದನ್ನು ಯಾರೂ ಕಂಡಿಲ್ಲ. ಹೋಟೆಲಿನಲ್ಲಿ ಕೂರಲು ಜಾಗ ಸಿಗದಿದ್ದರೆ ಚಹಾ ಬಿಟ್ಟೇ ಹೊರಟು ಹೋಗುತ್ತಿದ್ದರು.

ಎರಡು ವಿಷಯಕ್ಕೆ ಅವರು ಊರಲ್ಲಿ ಹೆಸರಾದರು. ಒಂದು, ಸುಳ್ಳು ಹೇಳುತ್ತಿರಲಿಲ್ಲ. ತಹಶೀಲ್ದಾರರು ತಮ್ಮ ಮಗನನ್ನು ಟೀಮಿಗೆ ಸೇರಿಸಿಕೊಳ್ಳಿರೆಂದು ಹೇಳಿ ಕಳಿಸಿದಾಗ ಮಾಸ್ತರು ಕಚೇರಿಗೇ ಹೋಗಿ, "ನಿಮ್ಮ ಮಗ ಓಡಿದ್ರ ಎಮ್ಮಿ ಕೆರಿಗಿ ಇಳಿದಂಗ ಕಾಣ್ತದ್ರಿ ಸಾಹೇಬ್ರ, ಅಂವಗ ಆಟ ಬ್ಯಾಡ್ರಿ" ಎಂದು ಬಂದಿದ್ದರು. ತಹಶೀಲ್ದಾರರು ನಕ್ಕರಂತೆ. ಆ ಕಾಲದಲ್ಲಿ ತಹಶೀಲ್ದಾರರು ನಗದೆ ಇದ್ದಿದ್ದರೆ ಮಾಸ್ತರ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಎರಡನೆಯದು ಎಣಿಕೆ. ಪಲ್ಟನ್ನಿನಲ್ಲಿ ಸಂಜೆಯಾದರೆ ಆಳು ಎಣಿಸುವ ರೂಢಿ; ಅವರು ಪಲ್ಟನ್ ಬಿಟ್ಟರೂ ಆ ರೂಢಿ ಅವರನ್ನು ಬಿಡಲಿಲ್ಲ. ಡ್ರಿಲ್ಲಿಗೆ ನಿಂತ ಮಕ್ಕಳನ್ನು ಎಣಿಸುವುದು ಸರಿ. ಮದುವೆ ಊಟಕ್ಕೆ ಕೂತರೂ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ತುಟಿ ಅಲ್ಲಾಡಿಸುತ್ತ ಎಣಿಸಿಯೇ ಹೋಳಿಗೆಗೆ ಕೈ ಹಾಕುತ್ತಿದ್ದರು. ಎಣಿಕೆ ಯಾವಾಗಲೂ ಉರ್ದುವಿನಲ್ಲಿ. ಯಾಕೆಂದು ಕೇಳಿದರೆ ಒಂದೇ ಉತ್ತರ: "ಎಣಸಲಿಲ್ಲಂದ್ರ ಮಂದಿ ಕಳೀತಾರ."

ಈ ಮಾತನ್ನು ಅವರು ಯಾವ ಊರಿಗೆ ಬಂದು ಹೇಳುತ್ತಿದ್ದರೆಂಬುದು ಅವರಿಗೇ ಗೊತ್ತಿರಲಿಲ್ಲ.

ನಮ್ಮ ಟೀಮಿನ ಸಂಗತಿ ಹೇಳಬೇಕು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕಿನಿಂದ ಕಲಬುರ್ಗಿಗೆ ಕಾಲೇಜು ಕಲಿಯಲು ಹೋಗುವ ಹುಡುಗರು ಬೆರಳೆಣಿಕೆಯಷ್ಟು. ಪಾಠ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಕಾಲೇಜಿಗೆ ಸೂಟಿ ಬಿಟ್ಟು ಊರಿಗೆ ಬಂದಾಗ ಅವರೇ ತಮ್ಮ ತಮ್ಮ ಊರಿನ ಟೀಮು ಕಟ್ಟಿ ಆಡುತ್ತಿದ್ದರು. ಊರಿನವರು ಅದನ್ನು ಕಾಲೇಜ್ ಟೀಮು ಎನ್ನುತ್ತಿದ್ದರು. ಕಾಲೇಜು ಎಂಬುದನ್ನು ಕಂಡಿರದ ತೊಗರಿ ವ್ಯಾಪಾರಿಗಳೂ ಅಂಗಡಿ ಮುಚ್ಚಿ ಆಟಕ್ಕೆ ಬರುತ್ತಿದ್ದರು. ನಾನೂ ಕಾಲೇಜಿನವನೇ, ಆದರೆ ಕಣ್ಣು ಮಂದ. ಚೆಂಡು ಮೂಗಿಗೆ ಬಡಿದ ಮೇಲೇ ನನಗೆ ಕಾಣುತ್ತಿತ್ತು. ಹಾಗಾಗಿ ಟೀಮಿನ ಗಂಟು ಹೊರುವುದು, ಗಂಟಲು ಹರಿಯುವಂತೆ ಕೂಗುವುದು ನನ್ನ ಪಾಲಿನ ಕೆಲಸ.

ಆಳಂದದ ಟೀಮು ಹತ್ತೇ ಮಂದಿ ಆಡುತ್ತಿತ್ತು. ಎಡಗಡೆಯ ಬ್ಯಾಕಿನ ಜಾಗ ಖಾಲಿ.

ಆ ಜಾಗ ಗುರುಪಾದನದು. ಮಾಸ್ತರು ಬರುವುದಕ್ಕೆ ಕೆಲವು ವರ್ಷ ಮುಂಚೆ ನಮ್ಮವರು ಜೇವರ್ಗಿಯಲ್ಲಿ ಗೆದ್ದು ಬರುತ್ತಿದ್ದರು. ಆಗ ಭೀಮೆಗೆ ಅಲ್ಲಿ ಸೇತುವೆ ಇರಲಿಲ್ಲ, ದೋಣಿಯೇ ಗತಿ. ದೋಣಿ ದಡದ ಉಸುಕಿಗೆ ತಾಗಿ ನಿಂತಿತು. ಎಲ್ಲರೂ ಮೊಣಕಾಲು ನೀರಿಗೆ ಧುಮುಕಿ, ಹಾಡುತ್ತ, ಒಬ್ಬರ ಮೇಲೊಬ್ಬರು ನೀರು ಎರಚುತ್ತ ದಡ ಹತ್ತಿದರು. ಎರಡು ಬಂಡಿ ಕಾಯುತ್ತಿದ್ದವು. ಗುರುಪಾದ ಆ ಬಂಡಿಯಲ್ಲಿದ್ದಾನೆ ಎಂದು ಈ ಬಂಡಿಯವರು, ಈ ಬಂಡಿಯಲ್ಲಿದ್ದಾನೆ ಎಂದು ಆ ಬಂಡಿಯವರು ಅಂದುಕೊಂಡರು. ಗೆದ್ದ ಅಮಲಿನಲ್ಲಿ ಯಾರೂ ಎಣಿಸಲಿಲ್ಲ. ಕಲಬುರ್ಗಿಯಲ್ಲಿ ಇಳಿದಾಗ ಅವನು ಎರಡರಲ್ಲೂ ಇರಲಿಲ್ಲ. ಹೊಳೆಯಲ್ಲಿ ಹುಡುಕಿದರು, ಕೆಳಗಿನ ಊರುಗಳಿಗೆ ಹೇಳಿ ಕಳಿಸಿದರು. ದೇಹ ಸಿಗಲಿಲ್ಲ. ಅವನು ಬೆವರಲ್ಲಿ ತೊಯ್ದ ಹಳದಿ ಅಂಗಿ ಕಳಚಿ ಟೀಮಿನ ಗಂಟಿನಲ್ಲಿ ಹಾಕಿದ್ದ. ಮನೆಗೆ ಬಂದದ್ದು ಅದೊಂದೇ.

ಅವನ ಹೆಂಡತಿ ಶರಣವ್ವ, ಮದುವೆಯಾಗಿ ಒಂದು ವರ್ಷ ತುಂಬಿರಲಿಲ್ಲ. ದೇಹ ಸಿಕ್ಕಿದ್ದರೆ ಮಣ್ಣು ಕೊಟ್ಟು ಆ ದಿನವೇ ಅವಳ ಬಳೆ ತೆಗೆಸುತ್ತಿದ್ದರು. ಸಿಗಲಿಲ್ಲವಾಗಿ ಬಂಧುಗಳು ಕಾಯೋಣ ಎಂದರು. ಮರುವರ್ಷ ಆಟ ಬಂದಾಗ ಕ್ಯಾಪ್ಟನ್ ಖಾಜಾ ಯಾರನ್ನೂ ಕೇಳದೆ ಹತ್ತು ಮಂದಿಯನ್ನು ಕಣಕ್ಕಿಳಿಸಿದ. ಶರಣವ್ವ ಆ ಹಳದಿ ಅಂಗಿಯನ್ನು ಒಗೆದು, ಮಡಚಿ ಕಳಿಸಿದಳು. ಖಾಜಾ ಅದನ್ನು ಗೋಲಿನ ಕಂಬಕ್ಕೆ ತೂಗುಹಾಕಿದ. ಅಂದಿನಿಂದ ಅದೇ ಪದ್ಧತಿಯಾಯಿತು. ಮನೆಯವರು ಬಳೆಯ ಮಾತೆತ್ತಿದಾಗಲೆಲ್ಲ ಊರಿನ ಹಿರಿಯರು, "ಟೀಮಿನಾಗ ಜಾಗ ಇನ್ನಾ ಇಟ್ಟಾರ, ನೀವು ಯಾಕ ಅವಸರ ಮಾಡ್ತೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆಟದ ಬಯಲಿನ ಒಂದು ಖಾಲಿ ಜಾಗ ಒಬ್ಬ ಹೆಣ್ಣುಮಗಳ ಕೈಯ ಬಳೆ ಕಾಯುತ್ತಿತ್ತು.

ಇನ್ನೊಂದು ಮಾತು. ಆಟ ಮುಗಿದ ಮೇಲೆ ಆ ಅಂಗಿಯನ್ನು ಮರಳಿ ಮುಟ್ಟಿಸುವ ಕೆಲಸ ನನ್ನದು. ಒಣಗಿದ ಅಂಗಿಯನ್ನೇ ತೂಗುಹಾಕಿರುತ್ತಿದ್ದೆವು, ಸುಡುವ ಬಿಸಿಲಿನಲ್ಲೇ ಆಟ ನಡೆದಿರುತ್ತಿತ್ತು. ಇಳಿಸಿಕೊಂಡಾಗ ಅದು ಹಸಿಯಾಗಿರುತ್ತಿತ್ತು, ತಣ್ಣಗೆ, ಹಿಂಡಿದರೆ ನೀರು ಬರುವಷ್ಟು. ಶರಣವ್ವ ಬಾಗಿಲಲ್ಲಿ ನಿಂತು ಅದನ್ನು ಎದೆಗೆ ಒತ್ತಿಕೊಂಡು ಒಳಗೆ ಹೋಗುವಳು. ಏನೂ ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ. ನನಗೆ ಹೆದರಿಕೆಯಾಗುತ್ತಿತ್ತು.

ಇಂಥ ಟೀಮಿಗೆ ಕಲಿಸಲು ಮಾಸ್ತರನ್ನು ಗೊತ್ತುಮಾಡಿದರು. ಮೊದಲ ದಿನ ಬಯಲಿಗೆ ಬಂದು ಎಣಿಸಿದರು. "ಏಕ್, ದೋ, ತೀನ್..." ಹತ್ತಕ್ಕೆ ನಿಂತಿತು. "ಹನ್ನೊಂದನೇದಾಂವ ಎಲ್ಲಿ?"

ಖಾಜಾ ನೆಲ ನೋಡಿದ. "ಬರ್ತಾನ್ರಿ."

"ಬರ್ತಾನಂದ್ರ ಕಾಯೋಣು."

ಕಾದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ರಸ್ತೆಯ ಕಡೆ ಮುಖ ಮಾಡಿ ನಿಂತೇ ಬಿಟ್ಟರು. ಹುಡುಗರೂ ನಿಂತರು. ತೊಗರಿ ಹೊಲದ ಮೇಲೆ ಬಿಸಿಲು ಹಳದಿಯಾಗಿ, ಕೆಂಪಾಗಿ ಇಳಿಯಿತು. ಚೆಂಡನ್ನು ಯಾರೂ ಮುಟ್ಟಲಿಲ್ಲ. ಮರುದಿನವೂ ಹಾಗೇ. "ಬರ್ತಾನೇನು?" "ಬರ್ತಾನ್ರಿ." ಮತ್ತೆ ಕಾಯುವುದು. ಬರಲಾರದವನಿಗಾಗಿ ಒಂದು ಇಡೀ ಟೀಮು ಹೀಗೆ ಸಾಲಾಗಿ ನಿಂತು ದಾರಿ ನೋಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೊನೆಗೆ ಬಸಣ್ಣ ಕಾಕಾ ಅವರನ್ನು ಕೂರಿಸಿಕೊಂಡು ಎಲ್ಲ ಹೇಳಿದರು. ಈ ಕಾಕಾ ತೊಗರಿ ವ್ಯಾಪಾರಿ. ಜನ್ಮದಲ್ಲಿ ಚೆಂಡು ಒದ್ದವರಲ್ಲ, ಆದರೆ ಟೀಮಿನ ವಿಚಾರಕ್ಕೆ ಅವರ ಮಾತೇ ಕಡೆಯ ಮಾತು. ಹೊಳೆ, ಎರಡು ಬಂಡಿ, ಸಿಗದ ದೇಹ ಎಲ್ಲ ಹೇಳಿದರು. ಬಳೆಯ ಮಾತನ್ನು ಹೇಳಲಿಲ್ಲ. ಹೊರಗಿನವರ ಮುಂದೆ ಹೆಣ್ಣುಮಕ್ಕಳ ಮಾತು ಆಡುವುದು ನಮ್ಮಲ್ಲಿ ರೂಢಿಯಿರಲಿಲ್ಲ. ತಪ್ಪಾದದ್ದು ಅಲ್ಲಿ.

ಮಾಸ್ತರು ಎದ್ದು ಬಯಲಿಗೆ ಬಂದು ಎಲ್ಲರೆದುರು ಹೇಳಿದರು: "ಗುರುಪಾದ ಸತ್ತಾನ. ಸತ್ತಾಂವಗ ಟೀಮಿನಾಗ ಜಾಗ ಇಲ್ಲ. ನಾಳಿಂದ ಆ ಹೊಸಾ ಹುಡುಗ ರೇವಪ್ಪ ಎಡಗಡೆ ನಿಂದರ್ತಾನ."

ಅಷ್ಟು ವರ್ಷ ಆಳಂದದಲ್ಲಿ ಆ ಮಾತನ್ನು ಯಾರೂ ಗಟ್ಟಿಯಾಗಿ ಆಡಿರಲಿಲ್ಲ. ಗುರುಪಾದ ಇಲ್ಲ ಎನ್ನುತ್ತಿದ್ದೆವು, ಹೋದ ಎನ್ನುತ್ತಿದ್ದೆವು, ಸತ್ತ ಎನ್ನುತ್ತಿರಲಿಲ್ಲ.

ಆ ವಾರ ಬಸ್ ನಿಲ್ಲುವ ಕಟ್ಟೆಯ ಪಕ್ಕದ ಚಹಾದ ಹೋಟೆಲಿನಲ್ಲಿ ಬೇರೆ ಮಾತೇ ಇರಲಿಲ್ಲ.

"ಹತ್ತು ಮಂದಿ ಆಡೋದ ಆಳಂದದ ಆಟ," ಎಂದರು ಬಸಣ್ಣ ಕಾಕಾ. "ಹನ್ನೊಂದು ಮಂದಿ ಎಲ್ಲಾ ಊರಾಗೂ ಆಡ್ತಾರ. ಅದೇನು ದೊಡ್ಡಸ್ತಿಕಿ."

"ಕಾಕಾ, ಜೇವರ್ಗಿಯವ್ರು ವರ್ಷಾ ಬಡದು ಕಳಸಾಕತ್ತಾರ. ನಾಚಿಕಿ ಬರಂಗಿಲ್ಲೇನ್ರಿ?" ಎಂದ ನನ್ನ ಜೊತೆ ಕಲಿಯುವವನೊಬ್ಬ. "ಹೊಸಾ ಮಾಸ್ತರ ಬಂದಾರ, ಆಟ ಬಲ್ಲವ್ರದಾರ. ಅವ್ರು ಹೇಳಿದ್ದು ಕೇಳ್ರಿ."

"ರೇವಪ್ಪ ಅಫಜಲಪುರದಾಂವ. ಸೋದರಮಾವನ ಮನಿಯಾಗ ಉಣ್ಣಾಕ ಬಂದಾನ. ಅಂವ ನಮ್ಮ ಗುರುಪಾದನ ಜಾಗಕ್ಕ ನಿಂದರಬೇಕೇನು?"

"ಅಫಜಲಪುರದವ್ರಿಗೆ ಕಾಲಿಲ್ಲೇನ್ರಿ?"

"ಸೋತಿದ್ದು ಖರೆ," ಎಂದರು ಕಾಕಾ, ಬಟ್ಟಲು ಕೆಳಗಿಟ್ಟು. "ಆದ್ರ ಒಂದು ಹೇಳು. ಎಡಗಡಿ ಜಾಗ ಖಾಲಿ ಅದ. ಅಲ್ಲಿಂದ ಇವತ್ತಿನ ತನಕ ಒಂದರೇ ಗೋಲ್ ಆಗ್ಯದೇನು?"

ಆಗಿರಲಿಲ್ಲ. ಬಾಗಿಲು ತೆರೆದಿಟ್ಟ ಮನೆಯಂತಿದ್ದ ಆ ಕಡೆಯಿಂದ ಜೇವರ್ಗಿಯವರಾಗಲಿ ಅಫಜಲಪುರದವರಾಗಲಿ ಒಮ್ಮೆಯೂ ನುಗ್ಗಿರಲಿಲ್ಲ. ಎಲ್ಲ ಗೋಲೂ ಬಲಗಡೆಯಿಂದಲೇ. ನಾನಂತೂ ಯಾರು ಚಹಾ ಕುಡಿಸಿದರೆ ಅವರ ಪಕ್ಷದಲ್ಲಿದ್ದೆ. ಆ ಪ್ರಶ್ನೆ ಕೇಳಿದ ಮೇಲೆ ಚಹಾ ಅಲ್ಲೇ ಬಿಟ್ಟು ಎದ್ದೆ.

ಹೋಟೆಲಿನ ವಾದ ಹೋಟೆಲಿನಲ್ಲೇ ಉಳಿಯಲಿಲ್ಲ. ಶರಣವ್ವನ ಮನೆಯಲ್ಲಿ ಬಂಧುಗಳು ಸೇರಿದರು. ಟೀಮಿನವರೇ ಜಾಗ ಬಿಟ್ಟುಕೊಟ್ಟ ಮೇಲೆ ಇನ್ನು ಬಳೆ ಇಡಿಸಿದರೆ ನಾಲ್ಕು ಮಂದಿ ನಗುತ್ತಾರೆ ಎಂದರು. ಅವಳ ಮಾವ ಕಡಿಮೆ ಮಾತಿನ ಮನುಷ್ಯ. ಜೇವರ್ಗಿಯ ಆಟ ಆಗಲಿ, ರೇವಪ್ಪ ಆ ಜಾಗದಲ್ಲಿ ನಿಂತದ್ದನ್ನು ನಾನೇ ಕಣ್ಣಾರೆ ನೋಡಿ ಬಂದ ಮೇಲೆ ತೆಗೆಸೋಣ ಎಂದಷ್ಟೇ ಹೇಳಿದರು.

ಮರುದಿನ ಮಧ್ಯಾಹ್ನ ಶರಣವ್ವ ಬಯಲಿಗೆ ಬಂದಳು. ಸೆರಗು ತಲೆ ತುಂಬ, ಕೈಯಲ್ಲಿ ಮಡಚಿದ ಹಳದಿ ಅಂಗಿ. ಹುಡುಗರು ದೂರ ಸರಿದರು. ಗಂಟು ಕಾಯುತ್ತ ಕೂತಿದ್ದ ನಾನು ಏಳಲೂ ಆಗದೆ ಅಲ್ಲೇ ಉಳಿದೆ.

"ಮಾಸ್ತರ್ರಿ, ನೀವು ನೋಡೀರೇನ್ರಿ?"

"ಏನವ್ವಾ?"

"ಅವ್ರು ಸತ್ತದ್ದು."

ಮಾಸ್ತರು ಬೆರಳಿನ ಸೀಟಿಯ ದಾರ ಬಿಚ್ಚುತ್ತ, "ಇಲ್ಲವ್ವಾ. ನೋಡಿಲ್ಲ" ಎಂದರು.

"ನೀವು ಸುಳ್ಳ ಹೇಳಂಗಿಲ್ಲಂತ ಊರೆಲ್ಲಾ ಹೇಳ್ತದ. ನೋಡಲಾರದ್ದು ಹ್ಯಾಂಗ ಹೇಳಿದ್ರಿ?" ಅವಳ ದನಿ ಏರಲಿಲ್ಲ. "ನಿಮ್ಮ ಮಾತಿಗೆ ನಾಳೆ ನನ್ನ ಕೈಯಾಗಿನ ಬಳಿ ತಗೀತಾರ. ತಗೀಲಿ. ನೋಡಿದವ್ರು ಒಬ್ಬರು ಬಂದು ಹೇಳ್ಲಿ, ನಾನ ತಗದು ಕೊಡ್ತೇನಿ."

ಅಂಗಿಯನ್ನು ಅವರ ಮುಂದೆ ನೆಲದ ಮೇಲಿಟ್ಟು ಹೋದಳು. ಮಾಸ್ತರು ಆ ದಿನ ಸೀಟಿ ಊದಲಿಲ್ಲ. ಅಂಗಿಯನ್ನು ತಾವೇ ಎತ್ತಿ ನನ್ನ ಗಂಟಿನಲ್ಲಿ ಹಾಕಿದರು. ಸಂಜೆ ನನ್ನನ್ನು ಕರೆದು, "ಬಳಿ ಮಾತು ನನಗ ಯಾಕ ಹೇಳಲಿಲ್ಲಪಾ?" ಎಂದು ಕೇಳಿದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಅದು ಸುಳ್ಳಾಗುತ್ತಿತ್ತು, ಹಾಗೇ ಬಿಟ್ಟರೆ ಬಳೆ ಹೋಗುತ್ತಿತ್ತು. ಪಾಪ, ಅಂಥ ಮನುಷ್ಯನಿಗೆ ಅಂಥ ಇಕ್ಕಟ್ಟು ಬರಬಾರದಿತ್ತು.

ಜೇವರ್ಗಿಗೆ ಹನ್ನೊಂದು ಮಂದಿಯನ್ನೇ ಕರೆದುಕೊಂಡು ಹೊರಟರು. ಹೊಳೆಗೆ ಬಂದಾಗ ಬೆಳಗಿನ ಬಿಸಿಲು ಚೆನ್ನಾಗಿ ಏರಿತ್ತು. ಮೊದಲ ದೋಣಿಯಲ್ಲಿ ಹಳದಿ ಅಂಗಿ ತೊಟ್ಟ ಆಟಗಾರರು, ಮಾಸ್ತರು, ಗಂಟು ಹಿಡಿದ ನಾನು. ಬಸಣ್ಣ ಕಾಕಾ, ಶರಣವ್ವನ ಮಾವ ಮತ್ತಿತರರು ಹಿಂದಿನ ದೋಣಿಗೆ ಉಳಿದರು. ನೀರು ಸಪ್ಪಳವಿಲ್ಲದೆ ಹರಿಯುತ್ತಿತ್ತು. ನಡು ಹೊಳೆಯಲ್ಲಿ ಮಾಸ್ತರು ರೂಢಿಯಂತೆ ಬೆರಳೆತ್ತಿ ಹಳದಿ ಅಂಗಿಯವರನ್ನಷ್ಟೇ ಎಣಿಸತೊಡಗಿದರು. "ಏಕ್, ದೋ, ತೀನ್..." ಹನ್ನೊಂದು ದಾಟಿತು. "ಬಾರಾ" ಎಂದು ನಿಂತರು.

ಮತ್ತೆ ಎಣಿಸಿದರು, ಈ ಸಲ ಆ ತುದಿಯಿಂದ. ಮತ್ತೂ ಬಾರಾ. ಹನ್ನೆರಡು.

ಹುಟ್ಟು ಹಾಕುತ್ತಿದ್ದ ಅಂಬಿಗ ಅವರ ಕಡೆ ನೋಡದೆಯೇ, "ನಡು ಹೊಳ್ಯಾಗ ಎಣಸಬ್ಯಾಡ್ರಿ" ಎಂದ.

ನಾನೂ ಎಣಿಸಿದೆ. ನನ್ನ ಮಂದ ಕಣ್ಣಿಗೆ ಹನ್ನೊಂದೇ ಸಿಕ್ಕರು. ಆದರೆ ತೊಡೆಯ ಮೇಲೆ ಏನೋ ತಣ್ಣಗಾಯಿತು. ಗಂಟು ಬಿಚ್ಚಿ ನೋಡಿದರೆ ಒಳಗೆ ಆ ಅಂಗಿಯೊಂದೇ ನೀರು ಸುರಿಯುತ್ತಿತ್ತು. ಅದರ ಮೇಲೂ ಕೆಳಗೂ ಇದ್ದ ಬಟ್ಟೆಗಳು ಒಣಗಿಯೇ ಇದ್ದವು. ಮಾಸ್ತರು ಅದನ್ನು ನೋಡಿದರು, ಕೈ ಇಟ್ಟು ನೋಡಿದರು. ದಡ ಹತ್ತಿದ ಮೇಲೆ ಮತ್ತೊಮ್ಮೆ ಎಣಿಸಿದರು. ಹನ್ನೊಂದು. ಬಂಡಿ ಹೊರಡುವವರೆಗೂ ನೀರಿನ ಕಡೆಯೇ ನೋಡುತ್ತ ನಿಂತಿದ್ದರು.

ಜೇವರ್ಗಿಯ ಬಯಲಿನಲ್ಲಿ ಅವರು ಮೊದಲು ಮಾಡಿದ ಕೆಲಸವೆಂದರೆ ರೇವಪ್ಪನ ಭುಜ ಹಿಡಿದು ನನ್ನ ಪಕ್ಕ ಕೂರಿಸಿದ್ದು. ಅಂಗಿಯನ್ನು ತಾವೇ ಕಂಬಕ್ಕೆ ಕಟ್ಟಿದರು. ಆಟ ನಡೆಸುವವರು ಜೇವರ್ಗಿಯವರೇ ಒಬ್ಬರು. ನಕ್ಕು ಕೇಳಿದರು: "ಈ ಸಲ ಹನ್ನೊಂದು ಮಂದಿ ತರ್ತೇನಂತ ಹೇಳಿ ಕಳಿಸಿದ್ರಿ. ಹತ್ತ ಮಂದಿ ಅದಾರಲ್ರಿ ಮಾಸ್ತರ."

ಮಾಸ್ತರು ಕಣಕ್ಕೆ ಇಳಿದರು. ಒಬ್ಬೊಬ್ಬರ ಹೆಗಲ ಮೇಲೂ ಕೈಯಿಟ್ಟು ಗಟ್ಟಿಯಾಗಿ ಎಣಿಸುತ್ತ ಹೋದರು. ಹತ್ತಾಯಿತು. ಆಮೇಲೆ ಎಡಗಡೆಯ ಬ್ಯಾಕಿನ ಜಾಗಕ್ಕೆ ನಡೆದು, ಎದುರಿಗೆ ಒಬ್ಬ ಆಳು ನಿಂತಿದ್ದರೆ ಹೆಗಲು ಎಲ್ಲಿರಬೇಕೋ ಅಲ್ಲಿಗೆ ಕೈ ಎತ್ತಿದರು. ಕೈ ಗಾಳಿಯಲ್ಲಿ ಅಲ್ಲಾಡದೆ ನಿಂತಿತು.

"ಗ್ಯಾರಾ," ಎಂದರು. "ಹನ್ನೊಂದು ಮಂದಿ ಅದಾರ. ಆಟ ಸುರು ಮಾಡ್ರಿ."

ನಗುತ್ತಿದ್ದವರು ನಗು ನಿಲ್ಲಿಸಿದರು. ನಾನು ಶರಣವ್ವನ ಮಾವನ ಕಡೆ ನೋಡಿದೆ. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಆ ಖಾಲಿ ಜಾಗವನ್ನೇ ನೋಡುತ್ತಿದ್ದರು.

ಆಟ ಹೆಚ್ಚು ನೆನಪಿಲ್ಲ, ಒಂದು ಗಳಿಗೆಯನ್ನು ಬಿಟ್ಟು. ಜೇವರ್ಗಿಯ ಪರವಾಗಿ ಪಕ್ಕದ ಇಜೇರಿ ಊರಿನವನೊಬ್ಬ ಆಡುತ್ತಿದ್ದ. ಹೊಸಬ, ಗುಂಡಿಗೆಯವ. ಚೆಂಡು ತೆಗೆದುಕೊಂಡು ನೇರ ನಮ್ಮ ಎಡಗಡೆಗೇ ನುಗ್ಗಿದ. ಮುಂದೆ ಯಾರೂ ಇಲ್ಲ. ಗೋಲು ಕಣ್ಣೆದುರಿಗೇ ಇದೆ. ಅಲ್ಲಿ ಅವನು ಗಕ್ಕನೆ ನಿಂತ. ಇಕ್ಕಟ್ಟಿನ ಓಣಿಯಲ್ಲಿ ಎದುರಿಗೆ ಬಂದವರಿಗೆ ದಾರಿ ಬಿಡುವವನ ಹಾಗೆ ಪಕ್ಕಕ್ಕೆ ಸರಿದ. ಚೆಂಡು ತಾನೇ ಉರುಳಿ ಬದಿಯ ಗೆರೆ ದಾಟಿ ಹೊರಗೆ ಹೋಯಿತು. ಆಟ ಮುಗಿದ ಮೇಲೆ ನಾನು ಅವನನ್ನು ಕೇಳಿದೆ, ಯಾಕೆ ನಿಂತೆ ಎಂದು. "ಹಾದಿ ಇರಲಿಲ್ರಿ," ಎಂದ.

ಒಂದು ಗೋಲಿನಿಂದ ಸೋತೆವು, ಬಲಗಡೆಯಿಂದ. ಶರಣವ್ವನ ಮಾವ ಎದ್ದು ರುಮಾಲು ಸುತ್ತಿಕೊಳ್ಳುತ್ತ ಬಸಣ್ಣ ಕಾಕಾನಿಗೆ, "ಮಾಸ್ತರ ಸುಳ್ಳ ಎಣಸೋ ಮನಿಷ್ಯಾ ಅಲ್ಲ. ನಡೀರಿ" ಎಂದರು. ಬಳೆ ಉಳಿಯಿತು. ಹೋಟೆಲಿನಲ್ಲಿ ಎರಡೂ ಪಕ್ಷದವರು ಮಾಸ್ತರನ್ನು ಬೈದರು. ಹನ್ನೊಂದು ಬೇಕೆಂದವರು ಮಾತಿಗೆ ತಪ್ಪಿದರೆಂದು, ಹತ್ತು ಬೇಕೆಂದವರು ಎಣಿಸಿ ಹನ್ನೊಂದು ಮಾಡಿದರೆಂದು. ಮಾಸ್ತರು ಚಹಾ ಕುಡಿದು, ಕೂತವರನ್ನು ಎಣಿಸಿ, ಎದ್ದು ಹೋಗುತ್ತಿದ್ದರು.

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಮಾಸ್ತರ್ರಿ, ಅವತ್ತು ಆ ಹೆಣ್ಣುಮಗಳ ಸಲುವಾಗಿ ಒಂದು ಸುಳ್ಳ ಹೇಳಿದ್ರಿ, ಹೌದಿಲ್ರಿ? ಅದರಾಗ ತಪ್ಪೇನಿಲ್ಲ ಬಿಡ್ರಿ."

ಅವರು ತಮ್ಮ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡರು. "ನಾ ಎಂದೂ ಸುಳ್ಳ ಎಣಸಿಲ್ಲಪಾ," ಎಂದರು. "ಹೆಗಲು ಒದ್ದಿ ಇತ್ತು."

ಅದಾದ ಮೇಲೆ ಅವರು ನಮ್ಮೂರಲ್ಲೇ ಉಳಿದರು. ಬೇರೆ ಕಡೆ ವರ್ಗವಾದಾಗ ನೌಕರಿ ಬಿಟ್ಟರು. ಪ್ರತಿ ಆಟಕ್ಕೂ ಹತ್ತು ಹೆಗಲು ಮುಟ್ಟಿ ಎಣಿಸುವುದು, ಹನ್ನೊಂದನೆಯದಕ್ಕೆ ಖಾಲಿ ಜಾಗಕ್ಕೆ ನಡೆದು ಕೈ ಎತ್ತುವುದು. ಆಟ ಇಲ್ಲದ ದಿನವೂ ಸಂಜೆ ಬಯಲಿಗೆ ಹೋಗಿ ಎಡಗಡೆಯಲ್ಲಿ ಒಬ್ಬರೇ ನಿಂತು ಮೆಲ್ಲಗೆ ಏನೋ ಹೇಳುತ್ತಿದ್ದರು. ಹತ್ತಿರ ಹೋದ ಖಾಜಾ ಕೇಳಿಸಿಕೊಂಡನಂತೆ. ಆಟದ ಮಾತೇ: ಹಿಂದ ಸರಿ, ಬಲಗಡಿ ನೋಡು, ಅವಸರ ಮಾಡಬ್ಯಾಡ. ಮಕ್ಕಳು ಹುಚ್ಚು ಮಾಸ್ತರೆಂದು ಕರೆದರೆ ಬಸಣ್ಣ ಕಾಕಾ ಕಿವಿ ಹಿಂಡುತ್ತಿದ್ದರು. ನನಗೆ ಅವರ ಮೇಲೆ ಮರುಕವೂ ಇತ್ತು, ಅವರ ಹತ್ತಿರ ಒಬ್ಬನೇ ನಿಲ್ಲಲು ಅಂಜಿಕೆಯೂ ಇತ್ತು. ಆ ಬಲಗೈಯಿಂದ ಅವರು ನನ್ನ ಬೆನ್ನು ತಟ್ಟಿದಾಗಲೆಲ್ಲ ನಾನು ತೊಟ್ಟ ಅಂಗಿ ಅಲ್ಲಿ ತಣ್ಣಗಾಗುತ್ತಿತ್ತು.

ನಿಜಾಮರ ಆಳ್ವಿಕೆ ಮುಗಿಯುವುದಕ್ಕೆ ಸ್ವಲ್ಪ ಮುಂಚೆ, ಒಂದು ಚಳಿಗಾಲದಲ್ಲಿ, ಜ್ವರ ಬಂದು ತೀರಿಕೊಂಡರು. ಹಿಂದೆ ಮುಂದೆ ಯಾರೂ ಇರದ ಮನುಷ್ಯ. ಟೀಮಿನವರೇ ಹೆಗಲು ಕೊಡಲು ಸೇರಿದೆವು. ಹೊರಡುವ ಹೊತ್ತಿಗೆ ಶರಣವ್ವ ಬಂದಳು. ಮಂದಿ ದಾರಿ ಬಿಟ್ಟರು. ಕೈಯಲ್ಲಿ ಆ ಹಳದಿ ಅಂಗಿ ಇತ್ತು. ಅದನ್ನು ನನ್ನ ಕಡೆ ಚಾಚಿದಾಗ ನೋಡಿದೆ, ಎರಡೂ ಮುಂಗೈ ಬರಿದು.

"ಬಳಿ ಯಾರು ತಗಸಿದ್ರವ್ವಾ?" ಎಂದೆ.

"ಯಾರೂ ಇಲ್ರಿ. ಮುಂಜಾನೆ ನಾನ ತಗದೆ." ಅವಳು ಅಳುತ್ತಿರಲಿಲ್ಲ. "ಮಾಸ್ತರು ಎಣಸತಿದ್ರು, ಅದಕ ಇಟ್ಕೊಂಡಿದ್ದೆ. ಇನ್ನ ಯಾರು ಎಣಸ್ತಾರ್ರಿ? ಇದನ್ನ ಅವರ ಕೂಡ ಇಡ್ರಿ. ಅಲ್ಲಿ ನಮ್ಮವ್ರು ಸಿಕ್ಕಾಗ ಕೊಡ್ತಾರ."

ಎಂದಿನಂತೆ ತಣ್ಣಗಿರುತ್ತದೆಂದು ಕೈ ಬಿಗಿಮಾಡಿಕೊಂಡೇ ಅಂಗಿ ತೆಗೆದುಕೊಂಡೆ. ಅದು ಒಣಗಿತ್ತು. ಬಿಸಿಲಿಗೆ ಹಾಕಿ ಈಗಷ್ಟೇ ತೆಗೆದ ಬಟ್ಟೆಯ ಹಾಗೆ ಬೆಚ್ಚಗೆ, ಗರಿಗರಿಯಾಗಿತ್ತು. ಆಗ ನನಗೆ ಅಳು ಬಂತು.

ಮಾಸ್ತರ ಮಗ್ಗುಲಲ್ಲಿ ಅದನ್ನಿಟ್ಟು ಮಣ್ಣು ಕೊಟ್ಟೆವು. ಮನೆಗೆ ಹೊರಳುವ ಮುಂಚೆ ಖಾಜಾ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೆರಳೆತ್ತಿ, ಮಾಸ್ತರ ದನಿಯಲ್ಲೇ ಎಣಿಸಿದ. ಒಮ್ಮೆ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಇಬ್ಬರು ಕಮ್ಮಿ ಅದಾರ," ಎಂದ.